ಮೂಳೆ ಕಟ್ಟುವ ಔಷಧಿ ಯಾವಾಗ ಬೇಕು?

ಉಪ್ಪಿನಕಾಯಿ ಭರಣಿಯೊಂದರಿಂದ ಮಾತು ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ 67 ವಯಸ್ಸಿನ ತಾಯಿಯೊಬ್ಬರು ಬೆನ್ನುನೋವೆಂದು ನನ್ನ ಬಳಿಗೆ ಬಂದಿದ್ದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ನೀರು ತುಂಬಿದ ಬಕೆಟ್ ಎತ್ತುವಾಗ ಬೆನ್ನು ಹಿಡಿದುಕೊಂಡಿತ್ತಂತೆ. ಮುಲಾಮು ಹಚ್ಚಿದರು, ಬಿಸಿನೀರಿನ ಶಾಖ ಕೊಟ್ಟರು, ನೋವಿನ ಮಾತ್ರೆ ನುಂಗಿದರು. ಹಾಗೇ ಮೂರು ತಿಂಗಳು ಕಳೆಯಿತು. ಎದ್ದು ಹೊರಡುವ ಹೊತ್ತಿಗೆ ತಾವಾಗಿಯೇ ಒಂದು ಮಾತು ಹೇಳಿದರು: "ಅಡುಗೆಮನೆಯ ಮೇಲಿನ ಗೂಡಿನಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತೇನೆ ಡಾಕ್ಟರೇ. ಈ ಸಲ ಅದು ಕೈಗೆ ಎಟುಕಲಿಲ್ಲ. ಗೂಡು ಅಲ್ಲೇ ಇದೆ, ಭರಣಿಯೂ ಅದೇ."

ಅವರನ್ನು ಗೋಡೆಗೆ ನಿಲ್ಲಿಸಿ ಅಳೆದೆವು. 148 ಸೆಂಟಿಮೀಟರ್. ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ಎತ್ತರ ಬರೆದಿರುತ್ತಾರೆ, ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮಗನಿಗೆ ಫೋನ್ ಮಾಡಿ ನೋಡಿಸಿದರು. ಅದರಲ್ಲಿ 154 ಎಂದಿತ್ತು. ಎಕ್ಸ್‌ರೇ ತೆಗೆಸಿದಾಗ ಬೆನ್ನೆಲುಬಿನ ಎರಡು ಮಣಿಗಳು ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು. ಇದಕ್ಕೂ ಮೊದಲು ಎಲ್ಲಾದರೂ ಮೂಳೆ ಮುರಿದಿತ್ತೇ ಎಂದು ಕೇಳಿದೆ. ಮುರಿದಿತ್ತು. ಮೂರು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ, ಬಲಗೈ ಊರಿ, ಮಣಿಕಟ್ಟು ಮುರಿದುಕೊಂಡಿದ್ದರು. ಆರು ವಾರ ಪ್ಲಾಸ್ಟರ್ ಹಾಕಿದ್ದರು. ಪ್ಲಾಸ್ಟರ್ ಬಿಚ್ಚಿದರು, ಮನೆಗೆ ಹೋದರು, ಅಲ್ಲಿಗೆ ಅದು ಮುಗಿಯಿತು. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಕೈ ಏಕೆ ಮುರಿಯಿತು ಎಂದು ಆ ಆರು ವಾರಗಳಲ್ಲಿ ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಬೇಕಾದವರು ನಾವು, ವೈದ್ಯರು. ಕೇಳದೆ ಇರುವುದು ನಮ್ಮ ತಪ್ಪು. ಮುರಿದದ್ದನ್ನು ಕೂಡಿಸುತ್ತೇವೆ, ರಾಡ್ ಹಾಕುತ್ತೇವೆ, ಹೊಲಿಗೆ ಬಿಚ್ಚುತ್ತೇವೆ, ಮೂಳೆಯೊಳಗೆ ಏನಾಗಿದೆ ಎಂದು ನೋಡುವುದನ್ನು ಬಿಟ್ಟುಬಿಡುತ್ತೇವೆ. ಔಷಧಿ ಯಾವಾಗ ಶುರು ಮಾಡಬೇಕು ಎಂದು ನೀವು ಕೇಳಿದರೆ, ಆ ತಾಯಿಯ ಮಟ್ಟಿಗೆ ಉತ್ತರ ಸ್ಪಷ್ಟ. ಪ್ಲಾಸ್ಟರ್ ಹಾಕಿದ ಆ ಆರು ವಾರಗಳಲ್ಲೇ ಮಾತು ಶುರುವಾಗಬೇಕಿತ್ತು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಮ್ಮಲ್ಲಿ ಮಂಡಿನೋವಿಗೂ ಮೂಳೆ ಸವೆತ ಎನ್ನುತ್ತಾರೆ, ಇದಕ್ಕೂ ಮೂಳೆ ಸವೆತ ಎನ್ನುತ್ತಾರೆ. ಎರಡೂ ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೇಲಿನ ಮೃದ್ವಸ್ಥಿ. ಅದು ದಿನವೂ ನೋಯುತ್ತದೆ. ನಾನು ಹೇಳುತ್ತಿರುವ ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯ ಒಳಗೇ ಟೊಳ್ಳಾಗುತ್ತದೆ, ಮತ್ತು ಮುರಿಯುವ ತನಕ ನೋವೇ ಇರುವುದಿಲ್ಲ. ಮಂಡಿನೋವಿಗೆ ಬಂದವರು ಮೂಳೆ ಗಟ್ಟಿಯಾಗುವ ಇಂಜೆಕ್ಷನ್ ಕೊಡಿ ಎಂದು ಕೇಳುತ್ತಾರೆ. ಅದರಿಂದ ಮಂಡಿಗೆ ಏನೂ ಆಗುವುದಿಲ್ಲ.

ಮೂಳೆಯನ್ನು ನಾವು ಕಲ್ಲಿನಂತೆ ಕಲ್ಪಿಸಿಕೊಳ್ಳುತ್ತೇವೆ. ಅದು ಹಳೆಯ ಹೆಂಚಿನ ಮನೆಯಂತೆ, ಸದಾ ರಿಪೇರಿಯಲ್ಲಿರುವ ಮನೆ. ಒಂದು ಗುಂಪಿನ ಜೀವಕೋಶಗಳು ಹಳೆಯದನ್ನು ಕೆಡವುತ್ತಾ ಹೋಗುತ್ತವೆ, ಇನ್ನೊಂದು ಗುಂಪು ಹಿಂದೆಯೇ ಬಂದು ಹೊಸದಾಗಿ ಕಟ್ಟುತ್ತದೆ. ದೊಡ್ಡವರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವವರ ಕೈ ಮೇಲಿರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಕೆಡವುವವರ ವೇಗ ಒಮ್ಮೆಲೇ ಹೆಚ್ಚುತ್ತದೆ, ಕಟ್ಟುವವರಿಗೆ ಅದನ್ನು ಸರಿಗಟ್ಟಲು ಆಗುವುದಿಲ್ಲ. ಒಳಗಿನ ಜಂತೆ, ರೀಪುಗಳು ತೆಳುವಾಗುತ್ತವೆ. ತೆಳುವಾದ ಜಂತೆಯನ್ನು ದಪ್ಪ ಮಾಡಬಹುದು. ಕಡಿದು ಬಿದ್ದುಹೋದ ಜಂತೆಯ ಜಾಗದಲ್ಲಿ ಹೊಸದನ್ನು ಕೂರಿಸುವುದು ಬಹಳ ಕಷ್ಟ. ತಡ ಮಾಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಔಷಧಿಗಳಲ್ಲೂ ಎರಡು ಬಗೆ. ಹೆಚ್ಚಿನವು ಕೆಡವುವವರನ್ನು ತಡೆಯುವ ಔಷಧಿಗಳು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಈ ಸಾಲಿನವು. ಇವು ಇರುವ ಮನೆಯನ್ನು ಉಳಿಸುತ್ತವೆ. ನಿಜವಾಗಿ ಹೊಸ ಮೂಳೆ ಕಟ್ಟಿಸುವ ಔಷಧಿಗಳು ಕೆಲವೇ. ಅವುಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟೆರಿಪ್ಯಾರಟೈಡ್. ನಮ್ಮ ದೇಶದ ಕಂಪನಿಗಳೇ ಇದನ್ನು ತಯಾರಿಸುತ್ತವೆ.

ಈ ಟೆರಿಪ್ಯಾರಟೈಡ್‌ನ ಕಥೆ ನನಗೆ ಇಂದಿಗೂ ಬೆರಗು. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ತೊಗರಿಬೇಳೆಯಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್ ಎಂದು ಹೆಸರು. ಅವುಗಳ ಹಾರ್ಮೋನು 84 ಕೊಂಡಿಗಳ ಒಂದು ಸರಪಳಿ. ಅದರ ಮೊದಲ 34 ಕೊಂಡಿಗಳೇ ಈ ಔಷಧಿ. ಆ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಹಾರ್ಮೋನು ಹಗಲು ರಾತ್ರಿ ಸುರಿಯುತ್ತಿದ್ದರೆ ಮೂಳೆ ಕರಗಿಹೋಗುತ್ತದೆ. ಅದನ್ನೇ ದಿನಕ್ಕೊಮ್ಮೆ 20 ಮೈಕ್ರೋಗ್ರಾಂನಷ್ಟು ಕೊಟ್ಟರೆ ಮೂಳೆ ಬೆಳೆಯುತ್ತದೆ. ಹೊತ್ತುಹೊತ್ತಿಗೆ ಬಿಟ್ಟ ನೀರು ಗದ್ದೆಯಲ್ಲಿ ಪೈರಾಗುತ್ತದೆ, ತೂಬು ತೆರೆದೇ ಇದ್ದರೆ ಮಣ್ಣೇ ಕೊಚ್ಚಿಹೋಗುತ್ತದೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈಗಾಗಲೇ ಬೆನ್ನೆಲುಬು ಕುಸಿದಿದ್ದ 1637 ಮಹಿಳೆಯರು ಭಾಗವಹಿಸಿದ್ದರು. ಈ ಔಷಧಿ ಪಡೆದವರಲ್ಲಿ ಹೊಸದಾಗಿ ಬೆನ್ನೆಲುಬು ಕುಸಿಯುವ ಸಂಭವ ಶೇ 65ರಷ್ಟು ಕಡಿಮೆಯಾಯಿತು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಈಗ ವರದಿಯ ಸಂಖ್ಯೆಗೆ ಬರೋಣ, ಏಕೆಂದರೆ ನಿಮ್ಮಲ್ಲಿ ಹಲವರು ಚೀಲದಲ್ಲಿ ವರದಿ ಇಟ್ಟುಕೊಂಡು ಬಂದಿದ್ದೀರಿ. ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ ಪರೀಕ್ಷೆಯೇ ಡೆಕ್ಸಾ ಸ್ಕ್ಯಾನ್. ಅದು ಕೊಡುವ ಟಿ-ಸ್ಕೋರ್ ಎಂದರೆ ಆರೋಗ್ಯವಂತ ಯುವತಿಯರ ಸರಾಸರಿಗಿಂತ ನಿಮ್ಮ ಮೂಳೆಯ ಸಾಂದ್ರತೆ ಎಷ್ಟು ಕೆಳಗಿದೆ ಎಂಬ ಲೆಕ್ಕ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಮೈನಸ್ 1ರಿಂದ 2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯಾ, ಅಂದರೆ ಸಾಂದ್ರತೆ ತಗ್ಗಿದೆ, ಆ ಗೆರೆಯವರೆಗೆ ಇಳಿದಿಲ್ಲ. ಗೆರೆ ಬೇಕು, ತಪ್ಪಲ್ಲ. ಆದರೆ ಜನ ಆ ಗೆರೆಯನ್ನು ಲಕ್ಷ್ಮಣರೇಖೆ ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಳೆ ಮುರಿದುಕೊಂಡವರ ಪೈಕಿ ಶೇ 82 ಮಂದಿಯ ಸ್ಕೋರು ಮೈನಸ್ 2.5ಕ್ಕಿಂತ ಉತ್ತಮವಾಗಿಯೇ ಇತ್ತು. ಸಂಖ್ಯೆ ಚೆನ್ನಾಗಿದೆ ಎಂದು ಮುರಿತವನ್ನು ಅಲ್ಲಗಳೆಯಬೇಡಿ ಎಂದು ನಾನು ಹೇಳುವುದು ಇದನ್ನೇ ನೆನೆದು.

ಶಿಬಿರಗಳಲ್ಲಿ ಹಿಮ್ಮಡಿಯನ್ನು ಒಂದು ಪುಟ್ಟ ಯಂತ್ರದಲ್ಲಿ ಇರಿಸಿ ಎರಡು ನಿಮಿಷದಲ್ಲಿ ಚೀಟಿ ಕೊಡುತ್ತಾರೆ. ಅದು ಅಲ್ಟ್ರಾಸೌಂಡ್ ಪರೀಕ್ಷೆ. ಮೈನಸ್ 2.5 ಎಂಬ ಗೆರೆ ಆ ಯಂತ್ರಕ್ಕೆ ಅನ್ವಯಿಸುವುದಿಲ್ಲ. ಆ ಚೀಟಿ ನೋಡಿ ಹೆದರಿ ರಾತ್ರಿ ನಿದ್ದೆಗೆಟ್ಟವರನ್ನು ಕಂಡಿದ್ದೇನೆ. ಆ ಚೀಟಿಯೊಂದನ್ನೇ ನೆಚ್ಚಿ ಔಷಧಿ ಶುರು ಮಾಡಬೇಡಿ. ಅನುಮಾನ ಬಂದರೆ ಸೊಂಟ ಮತ್ತು ಬೆನ್ನಿನ ಡೆಕ್ಸಾ ಮಾಡಿಸಿ.

ಒಂದೇ ಸಂಖ್ಯೆ ಇಬ್ಬರಲ್ಲಿ ಎಷ್ಟು ಬೇರೆಯಾಗುತ್ತದೆ ನೋಡಿ. ಒಬ್ಬರಿಗೆ 52 ವರ್ಷ, ಮುಟ್ಟು ನಿಂತು ಮೂರು ವರ್ಷ, ಟಿ-ಸ್ಕೋರ್ ಮೈನಸ್ 2. ಎಲ್ಲೂ ಮುರಿದಿಲ್ಲ, ಬೇರೆ ಕಾಯಿಲೆಯಿಲ್ಲ. ಇನ್ನೊಬ್ಬರಿಗೆ 74 ವರ್ಷ, ಅವರದೂ ಮೈನಸ್ 2. ಅವರ ತಾಯಿಗೆ ಸೊಂಟ ಮುರಿದಿತ್ತು, ಇವರಿಗೆ ಕಳೆದ ವರ್ಷ ಭುಜದ ಬಳಿ ಮುರಿದಿದೆ, ಉಬ್ಬಸಕ್ಕೆ ಆಗಾಗ ಸ್ಟೀರಾಯ್ಡ್ ಮಾತ್ರೆ ನುಂಗುತ್ತಾರೆ. ಮೊದಲನೆಯವರಿಗೆ ನಾನು ಸಾಮಾನ್ಯವಾಗಿ ಔಷಧಿ ಬರೆಯುವುದಿಲ್ಲ. ಎರಡನೆಯವರಿಗೆ ಬರೆಯದೆ ಕಳಿಸಿದರೆ ಅದು ಅಪರಾಧ. ವಯಸ್ಸು, ಹಳೆಯ ಮುರಿತ, ಹೆತ್ತವರ ಸೊಂಟ ಮುರಿತ, ಸ್ಟೀರಾಯ್ಡ್, ಧೂಮಪಾನ, ಸಂಧಿವಾತ ಇವನ್ನೆಲ್ಲ ಕೂಡಿಸಿ ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಂಭವ ಹೇಳುವ ಲೆಕ್ಕಾಚಾರವೊಂದಿದೆ. ಫ್ರ್ಯಾಕ್ಸ್ ಎಂದು ಅದರ ಹೆಸರು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಲ್ಲಿ ಬಂತು, ಭಾರತದ ಆವೃತ್ತಿಯೂ ಇದೆ. ಸೊಂಟದ ಮುರಿತದ ಸಂಭವ ಶೇ 3 ಅಥವಾ ಒಟ್ಟು ದೊಡ್ಡ ಮುರಿತಗಳ ಸಂಭವ ಶೇ 20 ದಾಟಿದರೆ ಔಷಧಿ ಕೊಡಿ ಎಂಬುದು ಅಮೆರಿಕದವರು ಹಾಕಿಕೊಂಡ ಮಿತಿ. ಅಲ್ಲಿನ ಖರ್ಚುವೆಚ್ಚ ನೋಡಿ ಹಾಕಿದ್ದು ಅದು. ನಾನು ಅದನ್ನು ದಾರಿದೀಪವಾಗಿ ಬಳಸುತ್ತೇನೆ, ಕಟ್ಟಳೆಯಾಗಿ ಅಲ್ಲ.

ಸ್ಟೀರಾಯ್ಡ್ ಎಂದೆನಲ್ಲ, ಅದರ ಬಗ್ಗೆ ಎರಡು ಮಾತು. ಕೀಲುನೋವಿಗೆ, ಉಬ್ಬಸಕ್ಕೆ, ಚರ್ಮದ ಕಾಯಿಲೆಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರು ಮೂಳೆಯ ಬಗ್ಗೆ ಕೇಳಲೇಬೇಕು. ಅದರ ಹೊಡೆತ ಮೊದಲ ಕೆಲವು ತಿಂಗಳಲ್ಲೇ ಜೋರು. ಹೆಸರು, ಚೀಟಿ ಇಲ್ಲದ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ನುಂಗಿದ ಮರುದಿನವೇ ನೋವು ಮಾಯವಾಗುತ್ತದೆ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಇದ್ದಿರಬಹುದು ಎಂದು ಮೊದಲು ಅನುಮಾನಿಸಿ. ವರ್ಷಗಟ್ಟಲೆ ನುಂಗಿದ್ದರೆ ತಟ್ಟನೆ ನಿಲ್ಲಿಸಬೇಡಿ, ಪೊಟ್ಟಣದ ಸಮೇತ ವೈದ್ಯರ ಬಳಿ ಬನ್ನಿ.

ಹಾಗಾದರೆ ಕಟ್ಟುವ ಔಷಧಿ ಯಾರಿಗೆ? ಎಲ್ಲರಿಗೂ ಅಲ್ಲ. 66 ವರ್ಷ, ಟಿ-ಸ್ಕೋರ್ ಮೈನಸ್ 2.6, ಮುರಿತವಿಲ್ಲ ಎನ್ನುವವರಿಗೆ ಅಲೆಂಡ್ರೊನೇಟ್ ಮಾತ್ರೆಯೇ ಸಾಕು. ಅದನ್ನು ಬರಿಹೊಟ್ಟೆಯಲ್ಲಿ, ತುಂಬು ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಕುಳಿತಿರಬೇಕು ಅಥವಾ ಓಡಾಡುತ್ತಿರಬೇಕು. ಆ ಅರ್ಧ ಗಂಟೆ ಕಾಫಿಯೂ ಇಲ್ಲ. ಕಾಫಿಯ ಜೊತೆ ನುಂಗಿದರೆ ಮೊದಲೇ ಅತ್ಯಲ್ಪವಾಗಿ ಹೀರಲ್ಪಡುವ ಆ ಮಾತ್ರೆ ಇನ್ನಷ್ಟು ವ್ಯರ್ಥವಾಗುತ್ತದೆ. ವಾರದಲ್ಲಿ ಒಂದೇ ಒಂದು ಬೆಳಗಿನ ವ್ರತ ಎಂದುಕೊಳ್ಳಿ.

ಕಟ್ಟುವ ಔಷಧಿ ಮೊದಲೇ ಬೇಕಾದವರು ಬೇರೆ. ಕಳೆದ ಒಂದು ವರ್ಷದೊಳಗೆ ಬೆನ್ನೆಲುಬು ಅಥವಾ ಸೊಂಟ ಮುರಿದವರು, ಒಂದಕ್ಕಿಂತ ಹೆಚ್ಚು ಸಲ ಮುರಿದವರು, ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದರೂ ಮುರಿದುಕೊಂಡವರು, ಸ್ಟೀರಾಯ್ಡ್ ನಡುವೆ ಮುರಿದವರು, ಟಿ-ಸ್ಕೋರ್ ಮೈನಸ್ 3ಕ್ಕಿಂತಲೂ ಕೆಳಗಿಳಿದವರು. ಅಮೆರಿಕದ ಅಂತಃಸ್ರಾವ ತಜ್ಞರ ಸಂಘದ 2020ರ ಮಾರ್ಗಸೂಚಿ ಇಂಥವರನ್ನು ಅತಿ ಹೆಚ್ಚು ಅಪಾಯದವರು ಎಂದು ಬೇರೆಯಾಗಿಯೇ ಗುರುತಿಸುತ್ತದೆ. ಇವರ ವಿಷಯದಲ್ಲಿ ಅವಸರ ಏಕೆ ಎಂದರೆ, ಒಂದು ಬೆನ್ನುಮಣಿ ಹೊಸದಾಗಿ ಕುಸಿದ ಮಹಿಳೆಯರಲ್ಲಿ ಐವರಿಗೆ ಒಬ್ಬರಂತೆ ಒಂದು ವರ್ಷದೊಳಗೇ ಇನ್ನೊಂದು ಮಣಿಯೂ ಕುಸಿಯುತ್ತದೆ.

ಇಲ್ಲಿ ಎರಡನೇ ಸಾಲಿನಿಂದ ಒಬ್ಬರು ಕೇಳಿದರು: ಮೊದಲು ಮಾತ್ರೆ ನೋಡಿ, ಆಗದಿದ್ದರೆ ಇಂಜೆಕ್ಷನ್ ಎಂದರೆ ಸಾಲದೇ? ಬಹಳ ಕಾಲ ನಾವೂ ಹಾಗೇ ಮಾಡಿದೆವು. ದುಬಾರಿಯನ್ನು ಕೊನೆಗೆ ಇಡುವುದು ಸಂಸಾರಸ್ಥರಿಗೆ ಸಹಜ. ಆದರೆ 2018ರಲ್ಲಿ ಪ್ರಕಟವಾದ ವೀರೊ ಎಂಬ ಪ್ರಯೋಗ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿತು. ತೀವ್ರ ಆಸ್ಟಿಯೊಪೊರೋಸಿಸ್ ಇದ್ದ ಮಹಿಳೆಯರಲ್ಲಿ ಎರಡು ವರ್ಷದ ಕೊನೆಗೆ ಹೊಸ ಬೆನ್ನೆಲುಬು ಮುರಿತ ಕಂಡದ್ದು ಅಲೆಂಡ್ರೊನೇಟ್‌ನ ಸಾಲಿನದೇ ಆದ ರೈಸೆಡ್ರೊನೇಟ್ ಮಾತ್ರೆಯವರಲ್ಲಿ ಶೇ 12, ಟೆರಿಪ್ಯಾರಟೈಡ್‌ನವರಲ್ಲಿ ಶೇ 5.4. ಅರ್ಧಕ್ಕಿಂತ ಕಡಿಮೆ. ಕ್ರಮವೂ ಮುಖ್ಯ. ವರ್ಷಗಟ್ಟಲೆ ತಡೆಯುವ ಮಾತ್ರೆ ತೆಗೆದುಕೊಂಡು ಆಮೇಲೆ ಕಟ್ಟುವ ಔಷಧಿಗೆ ಬಂದರೆ, ಮುಖ್ಯವಾಗಿ ಸೊಂಟದಲ್ಲಿ, ಅದರ ಪರಿಣಾಮ ಮಂಕಾಗುತ್ತದೆ. ಮೊದಲು ಕಟ್ಟಿ, ಆಮೇಲೆ ಕಾಯುವುದು ಸರಿಯಾದ ಸಾಲು.

ರೊಮೊಸೊಜುಮ್ಯಾಬ್ ಎಂಬ ಇನ್ನೊಂದು ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತಿಂಗಳಿಗೊಮ್ಮೆ, ಒಂದು ವರ್ಷ ಮಾತ್ರ. ಅದು ಕಟ್ಟುವುದನ್ನೂ ಹೆಚ್ಚಿಸುತ್ತದೆ, ಕೆಡವುವುದನ್ನೂ ತಗ್ಗಿಸುತ್ತದೆ. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಬಾರದು.

ಶುರು ಮಾಡುವ ಮೊದಲು ರಕ್ತಪರೀಕ್ಷೆಗಳು ಆಗಲೇಬೇಕು, ಇದರಲ್ಲಿ ರಾಜಿಯಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡ, ಥೈರಾಯ್ಡ್, ಪ್ಯಾರಾಥೈರಾಯ್ಡ್, ಆಲ್ಕಲೈನ್ ಫಾಸ್ಫಟೇಸ್. ಬೆನ್ನೆಲುಬು ಕುಸಿದಿರುವ ಜೊತೆಗೆ ರಕ್ತಹೀನತೆಯೂ ಇದ್ದರೆ ಮೂಳೆಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮೂಳೆಯ ಕ್ಯಾನ್ಸರ್ ಇದ್ದವರಿಗೆ, ಮೂಳೆಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವವರಿಗೆ ಟೆರಿಪ್ಯಾರಟೈಡ್ ಕೂಡದು. ಕ್ಯಾನ್ಸರ್ ಬರುತ್ತದಂತೆ ಹೌದೇ ಎಂದು ಅನೇಕರು ಕೇಳುತ್ತಾರೆ. ಇಲಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟಾಗ ಮೂಳೆಯ ಕ್ಯಾನ್ಸರ್ ಕಂಡಿತ್ತು. ಆ ಕಾರಣಕ್ಕೆ ಔಷಧಿಯ ಮೇಲೆ ಕಪ್ಪುಚೌಕಟ್ಟಿನ ಎಚ್ಚರಿಕೆ ಇತ್ತು. ವರ್ಷಗಳ ಕಾಲ ಮನುಷ್ಯರಲ್ಲಿ ಗಮನಿಸಿದ ಮೇಲೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದನ್ನು ತೆಗೆದುಹಾಕಿದರು.

ಇಲ್ಲಿ ನಮ್ಮ ನೆಲದ ಒಂದು ವಿಷಯವಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯಿಂದ ಬಂದವರ ಡೆಕ್ಸಾ ವರದಿ ನೋಡುವಾಗ ನಾನು ಕೊಳವೆಬಾವಿಯ ನೀರಿನ ಬಗ್ಗೆ ಕೇಳುತ್ತೇನೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದವರ ಮೂಳೆ ಸ್ಕ್ಯಾನ್‌ನಲ್ಲಿ ಸಾಂದ್ರವಾಗಿ ಕಾಣುತ್ತದೆ. ಆದರೆ ಸಾಂದ್ರವಾದದ್ದೆಲ್ಲ ಗಟ್ಟಿಯಲ್ಲ. ಒಂದು ಕಾಲದಲ್ಲಿ ಫ್ಲೋರೈಡನ್ನೇ ಮೂಳೆ ಕಟ್ಟುವ ಔಷಧಿ ಎಂದು ನಂಬಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನೆಲುಬಿನ ಸಾಂದ್ರತೆ ಶೇ 35 ಏರಿತ್ತು, ಆದರೆ ಬೆನ್ನೆಲುಬಿನ ಮುರಿತ ಗಣನೀಯವಾಗಿ ಇಳಿದಿರಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಿತ್ತು. ಔಷಧಿ ಸಂಖ್ಯೆಯನ್ನು ಏರಿಸಿತೇ ಎಂಬುದಕ್ಕಿಂತ ಮುರಿತವನ್ನು ತಪ್ಪಿಸಿತೇ ಎಂದು ಕೇಳುವುದನ್ನು ನಾವು ಕಲಿತದ್ದು ಅಲ್ಲಿಂದ.

ಔಷಧಿ ಬೇಡದವರಿಗೂ ಮಾಡುವ ಕೆಲಸವಿದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಮುನ್ನೂರೈವತ್ತರ ಆಸುಪಾಸು ಇದೆ. ಮುದ್ದೆ, ಮಜ್ಜಿಗೆ, ಹಾಲು, ಸೊಪ್ಪು ಸೇರಿದರೆ ದೊಡ್ಡ ಪಾಲು ಊಟದಲ್ಲೇ ಸಿಗುತ್ತದೆ. ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ಹಲ್ಲು ಕೀಳಿಸುವುದಿದ್ದರೆ ಅಲೆಂಡ್ರೊನೇಟ್‌ನಂಥ ಔಷಧಿ ಶುರು ಮಾಡುವ ಮೊದಲೇ ಕೀಳಿಸಿ. ಈ ಔಷಧಿಗಳಿಂದ ದವಡೆಯ ಮೂಳೆಗೆ ಆಗುವ ತೊಂದರೆ ಅತಿ ವಿರಳ, ಆದರೂ ಇಷ್ಟು ಎಚ್ಚರ ಸುಲಭ. ಮೂಳೆ ಒಮ್ಮೆ ಮುರಿದಿದ್ದರೆ ಮಾತ್ರ ರಾಗಿ, ಹಾಲನ್ನಷ್ಟೇ ನಂಬಿ ಕೂರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕ್ಯಾಲ್ಸಿಯಂ ಮನೆಗೆ ತಂದು ಹಾಕಿದ ಇಟ್ಟಿಗೆ. ಕಟ್ಟುವವರೇ ಬರದಿದ್ದರೆ ಇಟ್ಟಿಗೆ ರಾಶಿಯಾಗಿಯೇ ಉಳಿಯುತ್ತದೆ.

ಆ ಶಿಕ್ಷಕಿಗೆ ನಾವು ಟೆರಿಪ್ಯಾರಟೈಡ್ ಶುರು ಮಾಡಿದೆವು. ವಿಟಮಿನ್ ಡಿ ಕೊರತೆ ಮೊದಲು ಸರಿಪಡಿಸಿದೆವು. ಔಷಧಿ ಬರುವುದು ಪೆನ್ನಿನಂಥ ಸಾಧನದಲ್ಲಿ, ಇನ್ಸುಲಿನ್ ಪೆನ್ನು ನೋಡಿದವರಿಗೆ ಗೊತ್ತಾಗುತ್ತದೆ. ಒಂದು ಪೆನ್ನು 28 ದಿನಕ್ಕೆ. ಫ್ರಿಜ್‌ನಲ್ಲಿ ಇಡಬೇಕು, ಆದರೆ ಹೆಪ್ಪುಗಟ್ಟಬಾರದು. ಅವರು ಮೊಸರಿನ ಪಾತ್ರೆಯ ಪಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದರು. ಮೊದಲ ದಿನ ಸೊಸೆ ಚುಚ್ಚಿದರು, ನಾಲ್ಕನೇ ದಿನದಿಂದ ತಾವೇ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸೂಜಿ ಚುಚ್ಚಿ, ಗುಂಡಿ ಒತ್ತಿ, ನಿಧಾನಕ್ಕೆ ಐದು ಎಣಿಸಿ ಹೊರತೆಗೆಯುತ್ತಿದ್ದರು. ಶುರುವಿನ ಕೆಲವು ದಿನ ತಲೆಸುತ್ತು ಬಂತು. ಹಾಸಿಗೆಯ ಅಂಚಿನಲ್ಲಿ ಕುಳಿತು ಚುಚ್ಚಿಕೊಳ್ಳಿ, ಹತ್ತು ನಿಮಿಷ ಏಳಬೇಡಿ ಎಂದೆ. ಆಮೇಲೆ ಅದೂ ನಿಂತಿತು. ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಗುರುತು ಹಾಕುತ್ತಿದ್ದರು.

ಈ ಚುಚ್ಚುಮದ್ದಿನ ಎರಡು ವರ್ಷ ಮುಗಿದ ಮೇಲೆ ಏನು ಎಂಬುದನ್ನು ಮೊದಲ ದಿನವೇ ಹೇಳಿರಬೇಕು. ಟೆರಿಪ್ಯಾರಟೈಡ್ ನಿಲ್ಲಿಸಿ ಸುಮ್ಮನಿದ್ದರೆ ಕಟ್ಟಿದ್ದು ಕರಗತೊಡಗುತ್ತದೆ. ಹಿಂದೆಯೇ ತಡೆಯುವ ಔಷಧಿ ಬರಬೇಕು. ಡೆನೊಸುಮ್ಯಾಬ್ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ಎಚ್ಚರದಿಂದಿರಿ. ಆರು ತಿಂಗಳ ಇಂಜೆಕ್ಷನ್ ತಪ್ಪಿಸಿದರೆ ಮೂಳೆ ವೇಗವಾಗಿ ಕರಗುತ್ತದೆ, ಕೆಲವರಲ್ಲಿ ಹಲವು ಬೆನ್ನುಮಣಿಗಳು ಒಟ್ಟಿಗೇ ಕುಸಿದಿವೆ. ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೋಗುವವರು ದಯವಿಟ್ಟು ಆ ತಾರೀಖು ನೋಡಿ ಟಿಕೆಟ್ ಮಾಡಿಸಿ.

ಶಿಕ್ಷಕಿಗೆ ಕೊನೆಯ ಪೆನ್ನು ಮುಗಿದ ಮರುವಾರ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕಿದೆವು. ಕಳೆದುಹೋದ ಆರು ಸೆಂಟಿಮೀಟರ್ ಮರಳುವುದಿಲ್ಲ, ಭರಣಿಯನ್ನು ಅವರು ಕೆಳಗಿನ ಗೂಡಿಗೆ ಇಳಿಸಿಕೊಂಡಿದ್ದಾರೆ. ಮೂರನೆಯ ಮಣಿ ಕುಸಿದಿಲ್ಲ. ಕಳೆದ ತಿಂಗಳು ಬಂದಾಗ ಜೊತೆಯಲ್ಲಿ 61 ವರ್ಷದ ತಂಗಿಯನ್ನು ಕರೆತಂದಿದ್ದರು. ತಂಗಿಯ ಎಡ ಮಣಿಕಟ್ಟಿಗೆ ಬಿಳಿ ಪ್ಲಾಸ್ಟರ್. "ಬಿದ್ದು ಹದಿನೆಂಟು ದಿನ ಆಯಿತು. ಪ್ಲಾಸ್ಟರ್ ಬಿಚ್ಚುವ ತನಕ ಕಾಯುವುದು ಬೇಡ ಎಂದು ಈಗಲೇ ಕರೆದುಕೊಂಡು ಬಂದೆ" ಎಂದರು.